ಚಿಲ್ಲರೆ ಬಾಕಿ

ನಮ್ಮ ಮನಿಯವರ ಖಾಕಿ ಕಿಸೆದಾಗ
ರೊಕ್ಕ ಇರಲಿ ಬಿಡಲಿ, ನಾಕು ಗಾಲಿ ಇರ್ತಾವ.
ಟಿಕೀಟು ಮಶೀನಿನ ಕಾಗದ ತೀರಿದ ಮ್ಯಾಲ
ಒಳಗ ಉಳಿಯುವ ಬೆರಳುದ್ದದ ಕೊಳವಿ.
ಡಿಪೋದಾಗ ಅದು ಕಸ.
ಶಹಾಬಜಾರದ ನಮ್ಮ ಎರಡು ಖೋಲಿ ಮನ್ಯಾಗ
ಅದಕ್ಕ ಜಗಳ.

ಬ್ಯಾಸಗಿ ಸೂಟಿ. ಹನ್ನೊಂದಕ್ಕ ಬಾಗಿಲು ಮುಚ್ಚಿದರ
ಐದರ ತನಕ ಹೊರಗ ಕಾಲಿಡಂಗಿಲ್ಲ.
ನೆಲದ ಫರ್ಸಿಗಿ ನೀರು ಚಿಮುಕಿಸಿ
ಅದರ ಮ್ಯಾಲೇ ನಮ್ಮ ಕಾರಖಾನಿ.
ಒಂದು ಮುಷ್ಟಿ ಮೈದಾ, ಎರಡು ಲೋಟ ನೀರು,
ಗಂಟಾಗದಂಗ ತಿರುವುತ ಇರಬೇಕು;
ಬುಡ ಹತ್ತಿತಂದರ ಆ ಅಂಟು
ಏನನ್ನೂ ಹಿಡಿಯಂಗಿಲ್ಲ,
ಪಾತೇಲಿ ಒಂದನ್ನ ಬಿಟ್ಟು.

ಉಳಿದ ಊರಾಗ ಒಣಗಲಿಕ್ಕ ರಾತ್ರಿ ಪೂರ್ತಿ ಬೇಕಂತ.
ಇಲ್ಲಿ ಅಂಗಳಕ್ಕ ಇಟ್ಟು
ಒಂದು ಲೋಟ ಮಜ್ಜಿಗಿ ಕುಡಿಯೂದ್ರಾಗ ಖಟಖಟಿ.
ಇದೊಂದರೆ ಛಲೋ ಮಾಡ್ತು ನೋಡ್ರಿ
ಈ ಬಿಸಲು.

ಬಣ್ಣಕ್ಕ ಅಂಗಡಿಗಿ ಹೋಗಿಲ್ಲ.
ಕಲಸಿಟ್ಟ ಅರಿಷಿಣದಾಗ
ಅತ್ತಿಯವರ ಎಲಿಯಡಕಿ ಸುಣ್ಣ ಒಂದು ಕಾಳು ಬಿತ್ತು,
ಹಳದಿ ಇದ್ದದ್ದು ಕೆಂಪಾಯ್ತು.
ಸಂಗು ತೆರದ ಬಾಯಿ ತೆರದಂಗ.
"ಅವ್ವಾ, ಮತ್ತ ಮಾಡು."
ಡಬ್ಬಿ ತೀರೂ ತನಕ ಮತ್ತ ಮಾಡಿದರು.
ಅವತ್ತು ರಾತ್ರಿ ತೊಗರಿಬ್ಯಾಳಿ ಬೆಳ್ಳಗ,
ಯಾರೂ ಮಾತಾಡದೆ ಉಂಡಿವಿ.

ಮಗ್ಗಲ ಮನಿ ನಸೀಮಾ ಬೀ ಮೊಮ್ಮಗಳಿಗಿ ವರ್ಷ ತುಂಬೂದಿತ್ತು.
ಏನರೆ ಒಯ್ಯಬೇಕಲ್ಲ.
ಎದುರಿನ ಕೊಟ್ಟಿಗಿಯಿಂದ ಎರಡು ಜೋಳದ ದಂಟು
ಈರಿ ಕೇಳೇ ತಂದಾಳಂತ.
ಎಮ್ಮೀನ್ನ ಕೇಳ್ಯಾಳ, ಮಾಲಕನ್ನಲ್ಲ.
ಸಿಪ್ಪಿ ಸುಲಿದು, ಬೆಂಡು ತುಂಡು ಮಾಡಿ,
ಸಿಪ್ಪಿಯಿಂದಲೇ ಚುಚ್ಚಿ ಚುಚ್ಚಿ ಬಂಡಿ ಕಟ್ಟಿದಿವಿ.
ಗಾಲಿಗಿ ಡಿಪೋದ ಕೊಳವಿ.
ಛತ್ತಿಗಿ ಹಳೇ ಲಗ್ನಪತ್ರಿಕಿ:
ವಧು ವರ ಇಬ್ಬರೂ ಒಳಮಗ್ಗಲ ಹೋದರು,
ಬಂಗಾರದ ಬಳ್ಳಿ ಹೊರಗ ಉಳೀತು.

ಕೂಸು ಬಂಡಿ ನೋಡಿತು.
ಒಂದು ಗಾಲಿ ಕಿತ್ತು ಬಾಯಾಗ ಇಟಗೊಂಡಿತು.
ಈರಿ ಮಾರಿ ಸಣ್ಣದಾಯ್ತು.
ನಸೀಮಾ ಬೀ ಗಾಲಿ ಕಸಗೊಂಡು, ಸೆರಗಿಲೆ ಒರಸಿ, ಹೊಳ್ಳಿ ಚುಚ್ಚಿ,
"ರುಚಿ ಬಂದದ ಅಂದರ ಪಾಸಾದಂಗ ಬೇಟಾ" ಅಂದರು.
ಬಟ್ಟಲ ತುಂಬ ಶೀರ್‌ಖುರ್ಮಾ ಕೊಟ್ಟರು.
ಬಟ್ಟಲ ಇನ್ನೂ ನಮ್ಮಲ್ಲೇ ಅದ,
ಖಾಲಿ ಹೆಂಗ ಕೊಡೂದು.

ಆಮ್ಯಾಲ ಎರಡು ದಿನ ಈರಿ ನನ್ನ ಹತ್ತರ ಬರಲಿಲ್ಲ.
ರೋಲು ಮುಗಿಯೂ ಮುಂದ
ಅಂಚಿಗಿ ಗುಲಾಬಿ ಗೆರಿ ಬರ್ತದಲ್ಲ,
ಅಪ್ಪ ಹರಿದು ಒಗಿಯೂ ಆ ತುಂಡೆಲ್ಲ ಕೂಡಿಸಿ
ಕಾಟಿನ ಕೆಳಗ ಕುಂತು
ಏನೋ ಬರೀತಿದ್ದಳು.

ಅವರು ನಿಂಬರ್ಗಾ ವಸತಿ ಮುಗಿಸಿ
ಮುಂಜಾನಿ ಬಂದಾಗ ಮೈಯೆಲ್ಲ ಧೂಳ.
ಹೊಸ್ತಿಲದಾಗ ಅಡ್ಡ ನಿಂತಾಳ,
ಕೊರಳಾಗ ನನ್ನ ಹಳೇ ಪರ್ಸು.
"ಎಲ್ಲಿಗ್ರಿ?"
ಅವರು ಒಂದು ಗಳಿಗಿ ನನ್ನ ಕಡಿ ನೋಡಿದರು.
"ಮನಿಗಿ."
"ಎಂಟು ರೂಪಾಯಿ ತಗೀರಿ. ಮುಂದ ಸರೀರಿ, ಮುಂದ ಜಾಗಾ ಅದ."
ಸಂಗುಗ ಅರ್ಧ ಟಿಕೀಟು.
ನನಗೊಂದು ಸೊನ್ನಿ ಬರದ ಚೀಟಿ:
"ಹೆಣಮಕ್ಕಳು ಪುಕಟ, ಅವ್ವಾ.
ಆದರ ಟಿಕೀಟು ಕಳಕೋಬ್ಯಾಡ."

ಅವರು ಹತ್ತರ ನಾಣ್ಯ ಕೊಟ್ಟರು.
ಆಕಿ ಪರ್ಸು ತಡವಿ,
ಟಿಕೀಟು ಹೊಳ್ಳಿಸಿ, ಪೆನ್ನಿಲೆ ಗೀಚಿ ಕೊಟ್ಟಳು:
ಎರಡು ರೂಪಾಯಿ ಬಾಕಿ. ಇಳಿಯುವಾಗ ಕೇಳಿ.

ಹದಿನಾಕು ವರ್ಷ ಎಷ್ಟು ಮಂದಿಗಿ
ಇದೇ ಬರದು ಕೊಟ್ಟಾರೋ,
ಎಷ್ಟು ಮಂದಿ ಕೇಳೂದು ಮರತು ಇಳದಾರೋ.
ಅದನ್ನ ಓದಿದರು. ನಗಲಿಲ್ಲ.
ಗುರುತಿನ ಕಾರ್ಡಿನ ಪ್ಲಾಸ್ಟಿಕ್ಕಿನಾಗ
ತಮ್ಮ ಫೋಟೋದ ಹಿಂದ ಸರಿಸಿಟ್ಟರು.

ಬಚ್ಚಲಕ್ಕ ನೀರು ಕೊಡುತ ಕೇಳಿದೆ,
"ಆ ಎರಡು ರೂಪಾಯಿ ಕೇಳಂಗಿಲ್ಲೇನ್ರಿ?"
ಮಾರಿಗಿ ಸಬಕಾರ ಹಚಿಗೊಂಡೇ ಅಂದರು,
"ನಾ ಇನ್ನೂ ಇಳದಿಲ್ಲಲ್ಲ."